ಗುತ್ಯಪ್ಪ ಮೇಷ್ಟ್ರ ಪೆನ್ಸಿಲ್ ಚುಕ್ಕೆಗಳು

ಹೊಸದಾಗಿ ಹೈಸ್ಕೂಲು ಕೆಲಸಕ್ಕೆ ಸೇರುವವರಿಗೆ ಉಪಯೋಗವಾಗುವಂತೆ ನಾಲ್ಕು ಪುಟ ಬರೆದುಕೊಡಿ, ಅದರಲ್ಲಿ ಗುತ್ಯಪ್ಪ ಮೇಷ್ಟ್ರ ನೆನಪೂ ಬರಲಿ ಎಂದು ಸಾಗರದ ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ. ಈಚೆಗೆ ತೀರಿಕೊಂಡ ಮೇಷ್ಟ್ರ ಹೆಸರಿನಲ್ಲಿ ಅವರೊಂದು ಸಂಚಿಕೆ ತರುತ್ತಿದ್ದಾರೆ. ನಾನು ಮೂರು ಸಲ ಬರೆದೆ. ಮೂರು ಸಲವೂ ಬರಹ ಚೆನ್ನಾಗಿಯೇ ಬಂತು, ತೊಂದರೆ ಅದೇ. ಓದಿದವರಿಗೆ ಒಬ್ಬ ಒಳ್ಳೆಯ ಗುರು, ಒಬ್ಬಳು ಒಳ್ಳೆಯ ಶಿಷ್ಯೆ ಕಾಣುತ್ತಿದ್ದರು. ಅವರಿಬ್ಬರ ನಡುವೆ ನಡೆದ ಒಂದೇ ಒಂದು ದೊಡ್ಡ ಸಂಗತಿ ಮಾತ್ರ ಅದರಲ್ಲಿ ಇರಲಿಲ್ಲ.

ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಮತ್ತೆ ಬಿಟ್ಟುಬಿಟ್ಟೇನು. ಮೇಷ್ಟ್ರ ಮೂವತ್ತು ವರ್ಷಗಳ ಸೇವೆಯಲ್ಲಿ ಒಂದು ಕಲೆ ಇದೆ. ಸರ್ಕಾರಿ ಹಾಜರಿ ಪುಸ್ತಕವನ್ನು ತಿದ್ದಿದರೆಂದು ಅವರಿಗೆ ವಾಗ್ದಂಡನೆಯಾಯಿತು, ವರ್ಗವೂ ಆಯಿತು. ಅದೇ ಗಲಾಟೆಯಲ್ಲಿ ಬಂಗಾರಮ್ಮ ಎಂಬ ಹುಡುಗಿಗೆ ಹತ್ತನೇ ತರಗತಿಯ ಪರೀಕ್ಷೆ ತಪ್ಪಿಹೋಯಿತು. ಆ ಪುಸ್ತಕವನ್ನು ಮೊದಲು ಕೆಡಿಸಿದವಳು ನಾನು. ಇದು ಪೂರ್ತಿಯಾಗಿ ಗೊತ್ತಿದ್ದದ್ದು ಇಬ್ಬರಿಗೆ. ಈಗ ಒಬ್ಬಳೇ ಉಳಿದಿದ್ದೇನೆ.

ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಕಡಿಮೆ, ಇದನ್ನೂ ತಿಳಿದಿರಬೇಕು. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ತೆಗೆದು ನೋಡಿದಾಗಲೆಲ್ಲ ನೆನಪು ಒಂದು ಹೇಳುತ್ತದೆ, ದಿನಚರಿ ಇನ್ನೊಂದು ಹೇಳುತ್ತದೆ. ಸಾಗರದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಒಂದು ಪ್ರಸಂಗ ಹೇಳಿದೆ. ಹೊಸನಗರದಲ್ಲಿ ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಒಂದು ಬೆಳಿಗ್ಗೆ ಬಂದವರೇ ಬೋರ್ಡಿನ ಮೇಲೆ ‘ನಿನ್ನೆ ನಾನು ಹೇಳಿಕೊಟ್ಟ ಲೆಕ್ಕ ತಪ್ಪು’ ಎಂದು ಬರೆದು, ಅದನ್ನು ಸಂಜೆಯವರೆಗೂ ಅಳಿಸಲು ಬಿಡಲಿಲ್ಲ ಎಂದು. ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದು ಬಂದರೆ ನನ್ನ ಸಹಪಾಠಿ ಸರೋಜ ಕಾಯುತ್ತಿದ್ದಳು.

“ಚೆನ್ನಾಗಿ ಮಾತಾಡ್ದೆ. ಆದ್ರೆ ಅದು ಗುತ್ಯಪ್ಪ ಮೇಷ್ಟ್ರಲ್ಲ ಕಣೆ.”

“ಮತ್ಯಾರು?”

“ಸಮಾಜ ಪಾಠದವ್ರು. ಲೆಕ್ಕನೂ ಅಲ್ಲ, ಯಾವುದೋ ಯುದ್ಧದ ಇಸವಿ. ಗುತ್ಯಪ್ಪ ಮೇಷ್ಟ್ರು ಲೆಕ್ಕ ತಪ್ಪಿದ್ದು ನಾನಂತೂ ಕಾಣ್ಲಿಲ್ಲ.”

“ನಿಂಗೆ ಗ್ಯಾರಂಟಿಯಾ?”

“ನಂಗೆ ಬಿಪಿ ಮಾತ್ರೆ ತಗೊಂಡ್ನಾ ಇಲ್ವಾ ಅನ್ನೋದೂ ಗ್ಯಾರಂಟಿ ಇಲ್ಲ ಮಾರಾಯ್ತಿ. ಆದ್ರೆ ಇದು ಗ್ಯಾರಂಟಿ.”

ಹೀಗಾಗಿ ಇಲ್ಲಿ ಖಚಿತವಾಗಿ ಗೊತ್ತಿರುವುದನ್ನು ಖಚಿತವಾಗಿ ಹೇಳುತ್ತೇನೆ. ಉಳಿದದ್ದನ್ನು ಅನುಮಾನ ಎಂದೇ ಬರೆಯುತ್ತೇನೆ.

ಖಚಿತವಾದ ಒಂದು ಸಂಗತಿ ಎಂದರೆ ಅವರು ಹಾಜರಿ ಕರೆಯುತ್ತಿದ್ದ ರೀತಿ. ಹೆಸರು ಕರೆಯುತ್ತಿರಲಿಲ್ಲ, ಊರು ಕರೆಯುತ್ತಿದ್ದರು. ಆ ಊರಿನ ಮಕ್ಕಳೆಲ್ಲ ಒಟ್ಟಿಗೆ ಎದ್ದು ನಿಲ್ಲಬೇಕು. ಯಾರಾದರೂ ಕಡಿಮೆಯಿದ್ದರೆ ಅದೇ ಊರಿನವರು ಕಾರಣ ಹೇಳಬೇಕು. “ಹೆಸ್ರು ಕರೆದ್ರೆ ಯಾರು ಬಂದಿಲ್ಲ ಅಂತ ಗೊತ್ತಾಗ್ತದೆ. ಊರು ಕರೆದ್ರೆ ಎಂತಕ್ಕೆ ಬಂದಿಲ್ಲ ಅಂತ ಗೊತ್ತಾಗ್ತದೆ” ಎನ್ನುತ್ತಿದ್ದರು. ಗೇಣಿ ಮಾಡಿಕೊಂಡಿದ್ದ ಮನೆಯಿಂದ ಬಂದವರು ಅವರು. ಅವರ ಅಪ್ಪನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಗೈರುಹಾಜರಿಯ ಹಿಂದೆ ಏನಿರುತ್ತದೆ ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಂ.ಎಸ್ಸಿ., ಬಿ.ಎಡ್. ಮುಗಿಸಿ, ಸರ್ಕಾರಿ ಕೆಲಸದ ಆದೇಶ ಹಿಡಿದು ನಾನು ಹೋದದ್ದು ಸಾಗರ ತಾಲ್ಲೂಕಿನ ಹಿನ್ನೀರಿನ ದಡದ ಹೈಸ್ಕೂಲಿಗೆ. ಅಲ್ಲಿ ಹೆಡ್‌ಮಾಸ್ಟರು ಇವರೇ ಎಂದು ತಿಳಿದಾಗ ಆದ ಸಂತೋಷ ದಿನಚರಿಯಲ್ಲಿ ಒಂದೂವರೆ ಪುಟ ಇದೆ. ಅವರು ಆದೇಶ ಓದಿ, ಕನ್ನಡಕದ ಮೇಲಿಂದ ನೋಡಿದರು.

“ಎಂ.ಎಸ್ಸಿ. ಮಾಡಿ ಇಲ್ಲಿಗೆ ಬಂದ್ಯಾ? ಅಂಥಾ ತಪ್ಪು ಎಂತ ಮಾಡಿದ್ದೆ ಮಾರಾಯ್ತಿ?”

“ನಿಮ್ಮ ಹತ್ರ ಓದಿದ್ದೇ ತಪ್ಪು ಸರ್.”

“ಹಂಗಾರೆ ಅನುಭವಿಸು. ಎಂಟನೇ ಕ್ಲಾಸಿಗೆ ವಿಜ್ಞಾನ, ಹತ್ತಕ್ಕೆ ಗಣಿತ. ಮಕ್ಕಳ ಎದ್ರಿಗೆ ನಾನು ‘ವಾರಿಜಾ ಟೀಚರ್’ ಅಂತ ಬಹುವಚನ ಹಚ್ತೀನಿ, ಅದನ್ನ ನಿಜ ಅಂತ ತಿಳ್ಕೊಂಡು ಕೊಂಬು ಬರಿಸ್ಕೊಬ್ಯಾಡ.”

ನನ್ನ ಮೊದಲ ಪಾಠ ಸಾಂದ್ರತೆ. ಅವರು ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಒತ್ತಿಕೊಂಡು ಕೂತಿದ್ದರು. ಸೂತ್ರ, ಉದಾಹರಣೆ, ಚಿತ್ರ, ಎಲ್ಲವನ್ನೂ ನಲವತ್ತು ನಿಮಿಷಕ್ಕೆ ಸರಿಯಾಗಿ ಮುಗಿಸಿದೆ. ಹೊರಗೆ ಬಂದು ಕೇಳಿದರು: “ಪಾಠ ಚೊಲೋ ಆತು. ಯಾರಿಗೆ ಮಾಡ್ದೆ?” ಮಾರನೆಯ ದಿನ ಆ ತರಗತಿಯನ್ನೇ ಲಾಂಚ್ ನಿಲ್ಲುವಲ್ಲಿಗೆ ನಡೆಸಿಕೊಂಡು ಹೋಗಲು ಹೇಳಿದರು. ಹಿನ್ನೀರಿನ ಆಚೆಯ ತುಮರಿ ಕಡೆಯ ಜನ ಆಗ ಲಾಂಚಿನಲ್ಲೇ ಓಡಾಡಬೇಕಿತ್ತು. ಬಸ್ಸು ಲಾಂಚಿನ ಮೇಲೆ ಹತ್ತಿದಾಗ ಅದರ ಮಗ್ಗುಲಿನ ನೀರಿನ ಗೆರೆ ಎಷ್ಟು ಮೇಲೆ ಬಂತು, ಇಳಿದಾಗ ಎಷ್ಟು ಕೆಳಗೆ ಹೋಯಿತು ಎಂದು ಮಕ್ಕಳು ಕೂಗಿ ಹೇಳಿದರು. ಆಮೇಲೆ ಸೂತ್ರ ಬೇಕೆಂದು ಅವರೇ ಕೇಳಿದರು. ಹೊಸಬರಿಗೆ ಹೇಳುವುದಿಷ್ಟೆ. ಪಾಠ ಟಿಪ್ಪಣಿಯನ್ನು ಅಧಿಕಾರಿಗೆ ಬರೆಯಿರಿ, ಪಾಠವನ್ನು ಎದುರಿಗಿರುವ ಊರುಗಳಿಗೆ ಮಾಡಿ.

ಈಗ ಆ ಚುಕ್ಕೆಗಳ ವಿಷಯ. ಹೊಳೆಯಾಚೆಯಿಂದ ಹದಿನಾಲ್ಕು ಮಕ್ಕಳು ನಮ್ಮ ಹತ್ತನೇ ತರಗತಿಗೆ ಬರುತ್ತಿದ್ದರು. ಗಾಳಿ ಜೋರಿದ್ದರೆ ಲಾಂಚ್ ಬಿಡುವುದಿಲ್ಲ. ಬಿಟ್ಟರೂ ಒಮ್ಮೊಮ್ಮೆ ನಡುನೀರಿನಲ್ಲಿ ಎಂಜಿನ್ ಕೆಟ್ಟು ನಿಲ್ಲುತ್ತಿತ್ತು. ಮಕ್ಕಳು ಬರುವ ಹೊತ್ತಿಗೆ ಎರಡು ಪಿರಿಯಡ್ ಮುಗಿದಿರುತ್ತಿತ್ತು. ಮೊದಲ ಗಂಟೆ ಹೊಡೆದಾಗ ಇಲ್ಲದವರು ಆ ಅರ್ಧ ದಿನಕ್ಕೆ ಗೈರು, ನಿಯಮ ಇದು. ಮೇಷ್ಟ್ರು ಆ ಮಕ್ಕಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಲಾಂಚೇ ಬಿಡದ ದಿನಕ್ಕೂ ಚುಕ್ಕೆಯೇ. ಭಾನುವಾರ ತಾವೇ ಲಾಂಚ್ ಹತ್ತಿ ಆಚೆ ಹೋಗಿ, ದೇವಸ್ಥಾನದ ಜಗಲಿಯಲ್ಲಿ ಅವರನ್ನು ಕೂರಿಸಿಕೊಂಡು ತಪ್ಪಿದ ಪಾಠ ಮಾಡುತ್ತಿದ್ದರು. ಮಾಡಿದ ಮೇಲೆ ಚುಕ್ಕೆಯ ಮೇಲೆ ಮಸಿಯಲ್ಲಿ ಹಾಜರಿ ಹಾಕುತ್ತಿದ್ದರು. ಪಾಠ ತಲುಪಿತು, ಆದ್ದರಿಂದ ಹಾಜರಿ. ಇದು ಅವರ ಲೆಕ್ಕಾಚಾರ.

ಆ ವರ್ಷ ಮಳೆಗಾಲ ಉದ್ದವಾಗಿ, ಎಷ್ಟೋ ಭಾನುವಾರ ಅವರಿಗೆ ಆಚೆ ಹೋಗಲಾಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಹಳಷ್ಟು ಚುಕ್ಕೆಗಳು ಹಾಗೇ ಉಳಿದಿದ್ದವು. ಅಷ್ಟರಲ್ಲಿ ಅವರನ್ನು ಹದಿನೈದು ದಿನದ ತರಬೇತಿಗೆ ಶಿವಮೊಗ್ಗಕ್ಕೆ ಕರೆದರು. ಹತ್ತನೇ ತರಗತಿಯ ಹಾಜರಿ ಪುಸ್ತಕ ನನ್ನ ಕೈಗೆ ಬಂತು. ನಾನು ಸೇರಿ ಮೂರು ತಿಂಗಳಾಗಿತ್ತಷ್ಟೆ, ಪ್ರೊಬೇಷನ್‌ನಲ್ಲಿದ್ದೆ. ಅವರು ಹೋಗಿ ನಾಲ್ಕನೇ ದಿನ ಗುಮಾಸ್ತ ಮಂಜಪ್ಪ ಓಡಿ ಬಂದ.

“ಟೀಚರೇ, ನಾಳೆ ತಪಾಸಣೆ. ಆ ಸಾಹೇಬ್ರಿಗೆ ಪೆನ್ಸಿಲ್ ಕಂಡ್ರೆ ಆಗಲ್ಲ. ಅಡಿಪಟ್ಟಿ ಇಟ್ಟು ಸಾಲು ಸಾಲು ನೋಡ್ತಾರೆ. ಈ ಚುಕ್ಕೆ ಎಲ್ಲ ಎಂತ ಮಾಡ್ತೀರಿ?”

“ಇದಕ್ಕೆ ಅರ್ಥ ಏನು ಮಂಜಪ್ಪ?”

“ನಂಗೊತ್ತಿಲ್ಲ. ಮೇಷ್ಟ್ರ ಗುಟ್ಟು ಮೇಷ್ಟ್ರಿಗೆ. ಲೇಟಾಗಿ ಬಂದೋರಿಗೆ ಹಾಕ್ತಾರೆ ಅಂತ ಕಾಣ್ತದೆ.”

ಲೇಟಾಗಿ ಬಂದವರು ನಿಯಮದಂತೆ ಗೈರು. ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಪ್ರತಿ ಚುಕ್ಕೆಯ ಮೇಲೂ ನೀಲಿ ಮಸಿಯಲ್ಲಿ ‘ಗೈ’ ಎಂದು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಕೆಲಸದಲ್ಲಿ ಸುಖವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಗುರು ದೊಡ್ಡವರು ನಿಜ, ಆದರೆ ಪುಸ್ತಕ ಇಡುವುದರಲ್ಲಿ ನಾನೇ ಮೇಲು ಎಂದು ಅನ್ನಿಸುತ್ತಿತ್ತು. ಮಾರನೆಯ ದಿನ ಸಾಹೇಬರು “ಈ ಶಾಲೆಯಲ್ಲಿ ಒಂದು ಪುಸ್ತಕವಾದರೂ ನೆಟ್ಟಗಿದೆ” ಎಂದರು. ಅದೂ ದಿನಚರಿಯಲ್ಲಿದೆ, ಕೆಳಗೆ ಗೆರೆ ಎಳೆದಿದ್ದೇನೆ.

ಚುಕ್ಕೆ ಮುಟ್ಟಬೇಡ ಎಂದು ಮೇಷ್ಟ್ರು ಹೊರಡುವ ಮುಂಚೆ ನನಗೆ ಹೇಳಿದ್ದರೇ? “ಪೆನ್ಸಿಲ್ಲಿಂದು ಹಂಗೇ ಇರ್ಲಿ” ಎಂಬ ಒಂದು ಧ್ವನಿ ನನಗೆ ಕೇಳಿಸುತ್ತದೆ. ಅದು ಅವರು ಆಡಿದ ಮಾತೋ, ಆಮೇಲೆ ನಾನೇ ಅವರ ಬಾಯಿಗೆ ಇಟ್ಟ ಮಾತೋ ತಿಳಿಯದು. ಹೇಳಿದ್ದರೆ ನನ್ನ ತಪ್ಪು ದೊಡ್ಡದು, ಹೇಳದಿದ್ದರೆ ಸ್ವಲ್ಪ ಚಿಕ್ಕದು. ಈ ವಯಸ್ಸಿನಲ್ಲೂ ಬೆಳಿಗ್ಗೆ ಎದ್ದು ಇದನ್ನೇ ತೂಗುತ್ತ ಕೂರುತ್ತೇನೆ.

ಮೇಷ್ಟ್ರು ತರಬೇತಿಯಿಂದ ಬಂದು ಪುಸ್ತಕ ತೆರೆದರು. ಒಂದೊಂದೇ ಹಾಳೆ ಮಗುಚಿದರು.

“ಇಷ್ಟು ಚಂದ ಯಾರು ಬರ್ದದ್ದು?”

“ನಾನು ಸರ್.”

“ಹೂಂ” ಎಂದರು. ಪುಸ್ತಕ ಮುಚ್ಚಿಟ್ಟು ಆ ಚುಕ್ಕೆಗಳ ಕಥೆ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅನೇಕ ಸಲ ಅನ್ನಿಸಿದೆ.

ಹದಿಮೂರು ಮಕ್ಕಳ ಹಾಜರಿ ಹೇಗೋ ದಾಟಿತು. ಬಂಗಾರಮ್ಮನದು ದಾಟಲಿಲ್ಲ. ಅವಳ ತಾಯಿಗೆ ಕಾಮಾಲೆಯಾಗಿ, ಗದ್ದೆ ನಟ್ಟಿಯ ಹೊತ್ತಿನಲ್ಲಿ ಮನೆಯ ಕೆಲಸವೂ ಬಿದ್ದು, ಅವಳು ಮೊದಲೇ ಹಲವು ವಾರ ಬಂದಿರಲಿಲ್ಲ. ಅದರ ಮೇಲೆ ನನ್ನ ‘ಗೈ’ಗಳು. ಪರೀಕ್ಷೆಯ ಅರ್ಜಿ ಕಳಿಸುವಾಗ ಕೂಡಿ ನೋಡಿದರೆ ಬೇಕಾದಷ್ಟು ಹಾಜರಿ ಇಲ್ಲ. ಮೇಷ್ಟ್ರು ಕೆಂಪು ಮಸಿ ತೆಗೆದುಕೊಂಡು, ತಾವು ಆಮೇಲೆ ಭಾನುವಾರಗಳಲ್ಲಿ ಪಾಠ ತುಂಬಿಕೊಟ್ಟಿದ್ದ ದಿನಗಳನ್ನೆಲ್ಲ ತಿದ್ದಿ, ಪ್ರತಿ ತಿದ್ದುಪಡಿಗೂ ಸಹಿ ಹಾಕಿದರು. ಅದೇ ಅವರಿಗೆ ಮುಳುವಾಯಿತು. ಹುಡುಗಿಯ ಅರ್ಜಿ ತಿರಸ್ಕಾರವಾಯಿತು, ಇವರಿಗೆ ನೋಟಿಸ್ ಬಂತು. ಸರ್ಕಾರಿ ದಾಖಲೆಯನ್ನು ಏಕೆ ತಿದ್ದಿದ್ದೀರಿ, ಮೊದಲು ಗೈರು ಎಂದು ಬರೆದವರು ಯಾರು?

ಉತ್ತರವನ್ನು ಅವರು ಹೇಳಿದರು, ನಾನು ಬರೆದೆ. ನನ್ನ ಅಕ್ಷರ ಚೆನ್ನಾಗಿದ್ದುದರಿಂದ ಶಾಲೆಯ ಪತ್ರಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ‘ಗೈರು ಎಂದು ನಾನೇ ನಮೂದಿಸಿ, ಅನಂತರ ತಪ್ಪು ತಿಳಿದು ನಾನೇ ತಿದ್ದಿರುತ್ತೇನೆ.’ ಕೆಳಗೆ ಅವರ ಸಹಿ. ಇದನ್ನು ನಾನು ಹೇಗೆ ನೆನಪಿಟ್ಟುಕೊಂಡಿದ್ದೇನೆ ಗೊತ್ತೇ? ಆ ವಾಕ್ಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ, “ಸರ್, ನಾನೇ ಮಾಡಿದ್ದು ಅಂತ ಬರೀತೀನಿ” ಎಂದೆ. “ಪ್ರೊಬೇಷನ್ನಲ್ಲಿ ಇರೋಳು ನೀನು. ಕೆಲಸ ಹೋಗ್ತದೆ. ಸುಮ್ನೆ ಬರಿ” ಎಂದು ಅವರು ಗದರಿಸಿದರು. ಎಷ್ಟೋ ವರ್ಷ ಈ ದೃಶ್ಯವನ್ನು ಇಟ್ಟುಕೊಂಡು ನೆಮ್ಮದಿಯಾಗಿದ್ದೆ.

ಮೇಷ್ಟ್ರು ತೀರಿಕೊಂಡ ಮೇಲೆ ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಅಂದಿನ ಪುಟದಲ್ಲಿರುವುದು ಇಷ್ಟು: ‘ಸರ್ ನೋಟಿಸಿಗೆ ಉತ್ತರ ಬರೆಸಿದರು. ಮೂರು ಪುಟ. ಎರಡು ಪ್ರತಿ ಮಾಡಿದೆ, ಕೈ ನೋವು. ಸಂಜೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು.’ ಸಾಹೇಬರ ಹೊಗಳಿಕೆಗೆ ಗೆರೆ ಎಳೆದವಳು, ಇಂಥ ಮಾತು ಆಡಿದ್ದರೆ ಬರೆಯದೆ ಬಿಡುತ್ತಿದ್ದೆನೇ?

ಮೇಷ್ಟ್ರಿಗೆ ಹೊಸನಗರದ ಕಡೆಯ ಒಂದು ಮೂಲೆಯ ಶಾಲೆಗೆ ವರ್ಗವಾಯಿತು. ಹೊರಡುವ ಮುಂಚೆ ಅವರು ಆಚೆ ಹೋಗಿ, ಬಂಗಾರಮ್ಮ ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆಗೆ ಕೂರಲೆಂದು ಅರ್ಜಿ ಫಾರಂ ಕೊಟ್ಟುಬಂದರಂತೆ. “ಹುಡುಗಿ ಮುಖ ಕೊಡ್ಲಿಲ್ಲ” ಎಂದರು, ಅಷ್ಟೆ. ನಾನೂ ಮುಂದೆ ಕೇಳಲಿಲ್ಲ. ನನ್ನ ಪ್ರೊಬೇಷನ್ ಮುಗಿಯಿತು.

ಮುಂದಿನದು ಎಲ್ಲರ ವೃತ್ತಿಯ ಹಾಗೆಯೇ. ಹೊಸನಗರ, ಆಮೇಲೆ ಬಹುಕಾಲ ತೀರ್ಥಹಳ್ಳಿ. ಒಂದು ಸಲ ಪ್ರಶ್ನೆಪತ್ರಿಕೆಯ ಕಟ್ಟು ಅದಲುಬದಲಾಗಿ, ಎಂಟನೆಯವರಿಗೆ ಒಂಬತ್ತನೆಯ ಪ್ರಶ್ನೆ ಹಂಚಿಬಿಟ್ಟೆ. ಇಪ್ಪತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ, ಕೆಲವರು ಬರೆಯುತ್ತಲೂ ಇದ್ದರು! ನಮ್ಮ ಮಕ್ಕಳು ಟೀಚರನ್ನು ಅಷ್ಟು ನಂಬುತ್ತಾರೆ, ಇಲ್ಲವೇ ಅಷ್ಟು ಹೆದರುತ್ತಾರೆ. ಎರಡೂ ಅಪಾಯವೇ. ತೀರ್ಥಹಳ್ಳಿಯಲ್ಲಿ ನಾನೂ ಊರಿನ ಹೆಸರಿನಿಂದಲೇ ಹಾಜರಿ ಕರೆಯುತ್ತಿದ್ದೆ. ಪೆನ್ಸಿಲನ್ನೂ ಜೊತೆಗೆ ಇಟ್ಟುಕೊಂಡಿದ್ದೆ. ನಿವೃತ್ತಿಯ ಹೊತ್ತಿಗೆ ಹಾಜರಿ ಮೊಬೈಲಿಗೆ ಹೋಯಿತು. ಹೊಸ ಟೀಚರೊಬ್ಬಳು ಬಂದು, “ಮೇಡಂ, ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತಿದೆ, ಇಲ್ಲಿ ನೋಡಿದ್ರೆ ‘ಬಂದಿದ್ದಾರೆ’, ‘ಬಂದಿಲ್ಲ’ ಎರಡೇ ಇದೆ, ಏನು ಒತ್ತಲಿ?” ಎಂದು ಕೇಳಿದಳು. “ಸ್ವಲ್ಪ ತಡಿ” ಎಂದೆ. ತಡೆಯುವುದನ್ನಾದರೂ ಕಲಿತಿದ್ದೇನೆ ಎಂದುಕೊಂಡೆ.

ಹಾಗೆ ಅಂದುಕೊಂಡದ್ದೂ ಸುಳ್ಳಿರಬಹುದು. ಏಕೆಂದರೆ ನಿವೃತ್ತಿಗೆ ಕೆಲವು ವರ್ಷ ಮುಂಚೆ ಚುನಾವಣೆ ಕೆಲಸಕ್ಕೆ ನನ್ನನ್ನು ಹೊಳೆಯಾಚೆಗೇ ಹಾಕಿದರು. ಮತಗಟ್ಟೆ ಒಂದು ಶಾಲೆಯಲ್ಲಿತ್ತು. ಪಕ್ಕದ ಅಂಗನವಾಡಿಯ ಸಹಾಯಕಿ ನಮಗೆಲ್ಲ ಉಪ್ಪಿಟ್ಟು ತಂದುಕೊಟ್ಟಳು. ನನ್ನ ಮುಖವನ್ನೇ ನೋಡುತ್ತ ನಿಂತಳು.

“ವಾರಿಜಾ ಟೀಚರ್ ಅಲ್ದಾ? ನಾನು ಬಂಗಾರಿ.”

ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಹತ್ತನೇ ತರಗತಿ ಪಾಸಾಗಿರಬೇಕು, ಸಹಾಯಕಿಗೆ ಬೇಡ. ಅವಳು ಬಹಳ ವರ್ಷಗಳಿಂದ ಸಹಾಯಕಿ. “ಮೂರು ಕಾರ್ಯಕರ್ತೆಯರು ಬಂದ್ರು ಟೀಚರ್. ಮೂರೂ ಜನಕ್ಕೆ ಹಾಜರಿ ಪುಸ್ತಕ ಬರ್ಯೋದು ಹೇಳ್ಕೊಟ್ಟಿದ್ದು ನಾನೇ. ನಗು ಬರ್ತದೆ” ಎಂದಳು. ನಗಲಿಲ್ಲ. ನಾನು ಏನಾದರೂ ಹೇಳಬೇಕೆಂದು ಗುತ್ಯಪ್ಪ ಮೇಷ್ಟ್ರ ಹೆಸರು ಎತ್ತಿದೆ.

“ಆ ಹೆಸ್ರು ಹೇಳ್ಬ್ಯಾಡಿ. ನನ್ನ ಹಾಜರಿ ಕೆಡಿಸಿ, ಆಮೇಲೆ ತಿದ್ದೋಕೆ ಹೋಗಿ, ಎರಡೂ ಇಲ್ದಂಗೆ ಮಾಡಿದ್ರು. ಊರಿಗೆಲ್ಲ ದೇವ್ರು ಅವ್ರು. ನಂಗಲ್ಲ.”

ಉಪ್ಪಿಟ್ಟಿನ ತಟ್ಟೆ ನನ್ನ ಕೈಯಲ್ಲಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. “ಪಾಪ, ಅವರದೂ ಏನೋ ಕಷ್ಟ ಇತ್ತು” ಎಂದೆ. ಈ ಮಾತು ನೆನಪಲ್ಲ, ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ನನ್ನ ತಪ್ಪಿಗೆ ನಾನು ಅವರ ಪರವಾಗಿ ಕರುಣೆ ಕೇಳಿದೆ.

ಕಳೆದ ಮಳೆಗಾಲ ಮೇಷ್ಟ್ರು ಹಾಸಿಗೆ ಹಿಡಿದರು. ಸಾಗರದ ಅವರ ಮನೆಗೆ ಹೋದೆ. ಬಹಳ ಇಳಿದುಹೋಗಿದ್ದರು, ಆದರೆ ಮಾತು ಸ್ಪಷ್ಟವಿತ್ತು. ಅವರ ಹೆಂಡತಿ ಶಾರದಮ್ಮ ಕಾಫಿ ತರಲು ಒಳಗೆ ಹೋದಾಗ ಕೇಳಿದರು:

“ಬಂಗಾರಿ ಎಲ್ಲಿದಾಳೆ, ಗೊತ್ತಿದ್ಯ ನಿಂಗೆ?”

“ಗೊತ್ತು ಸರ್. ಅಲ್ಲೇ, ಅಂಗನವಾಡಿಯಲ್ಲಿ.”

“ಒಂದ್ಸಲ ಬಂದು ಹೋಗ್ತಾಳಾ ಕೇಳು. ಬರ್ಲಿಲ್ಲ ಅಂದ್ರೆ ಒತ್ತಾಯ ಬ್ಯಾಡ.”

“ಏನಂತ ಹೇಳ್ಲಿ ಸರ್?”

ಅವರು ಕಣ್ಣು ಮುಚ್ಚಿಕೊಂಡರು. “ಅದು ನಿಂಗೆ ಬಿಟ್ಟಿದ್ದು ಮಾರಾಯ್ತಿ” ಎಂದರು.

ಇಷ್ಟು ಸ್ಪಷ್ಟವಾಗಿ ಯಾರೂ ಯಾರಿಗೂ ಹೇಳಲಾರರು. ಹೋಗುತ್ತೇನೆ ಎಂದೆ. ಈಗ ಸೇತುವೆ ಆಗಿದೆ, ಲಾಂಚಿಗೆ ಕಾಯಬೇಕಿಲ್ಲ, ಗಾಳಿಯ ನೆಪವೂ ಇಲ್ಲ. ಆದರೂ ನಾಳೆ, ನಾಡಿದ್ದು ಎಂದು ಹದಿನೈದು ದಿನ ಕಳೆದೆ. ಹದಿನಾರನೆಯ ದಿನ ಬೆಳಿಗ್ಗೆ ಸರೋಜ ಫೋನ್ ಮಾಡಿದಳು. ಮೇಷ್ಟ್ರು ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಯಲ್ಲಿ ನಾನು ಮಾತಾಡಿದ ಮೇಲೆ ಮೇಷ್ಟ್ರ ಹಳೆಯ ಸಹೋದ್ಯೋಗಿಯೊಬ್ಬರು ಎದ್ದರು. ಪ್ರೀತಿಯಿಂದಲೇ ಹೇಳಿದರು: “ನಮ್ಮ ಗುತ್ಯಪ್ಪನಿಗೆ ಮಕ್ಕಳ ಹೆಸರು, ಅವರ ದನದ ಹೆಸರು ಎಲ್ಲ ಗೊತ್ತಿತ್ತು. ಪುಸ್ತಕ ಇಡೋದು ಒಂದು ಗೊತ್ತಿರ್ಲಿಲ್ಲ. ತಾನೇ ಗೈರು ಹಾಕೋದು, ತಾನೇ ಹಾಜರಿ ಮಾಡೋದು! ಕೊನೆಗೆ ತನಗೇ ವರ್ಗ!” ಸಭೆ ನಕ್ಕಿತು. ಶಾರದಮ್ಮನೂ ಸೆರಗಿನಲ್ಲಿ ಕಣ್ಣೊರಸಿಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ನನ್ನನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ. ಮೂರು ಸಲ ಬರೆದು ಹರಿದ ಮೇಲೆ, ನಾಲ್ಕನೆಯ ಸಲ ಇದನ್ನೆಲ್ಲ ಬರೆದೆ. ಮೇಲೆ ನೀವು ಓದಿದ್ದು ಅದೇ. ಅಚ್ಚಿಗೆ ಕೊಡುವ ಮುಂಚೆ ಓದಬೇಕಾದವಳು ಒಬ್ಬಳಿದ್ದಳು. ಹೋದ ವಾರ ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ.

ನಾನು ಹೋದಾಗ ಬಂಗಾರಮ್ಮ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಕಾದೆ. ಮಕ್ಕಳು ಮಲಗಿದ ಮೇಲೆ ಕೈ ಒರಸಿಕೊಂಡು ಬಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ನಾನು ಬಾಯಿಯಲ್ಲೇ ಹೇಳಿದೆ, ಮೊದಲಿಂದ. ಮುಗಿಸಿ, ಹಾಳೆಗಳನ್ನು ಕೊಟ್ಟು, “ಓದಿ ಹೇಳಲಾ?” ಎಂದೆ.

“ನಂಗೆ ಓದೋಕೆ ಬರ್ತದೆ ಟೀಚರ್.”

ನಿಧಾನವಾಗಿ ಓದಿದಳು. ಒಂದು ಕಡೆ ನಿಲ್ಲಿಸಿದಳು.

“ಫಾರಂ ಒಂದ್ಸಲ ಅಲ್ಲ, ಎರಡು ಸಲ ತಂದಿದ್ರು. ಎರಡ್ನೇ ಸಲ ಹೊಸನಗರದಿಂದ ಬಂದಿದ್ರು. ಬಿಸ್ಲಲ್ಲಿ ಬೆವರು ಸುರೀತಿತ್ತು. ಅದನ್ನ ಅವ್ರ ಎದ್ರಿಗೇ ಒಲೆಗೆ ಹಾಕ್ದೆ. ‘ನಿಮ್ಮ ಕೈಯಿಂದ ನಂಗೆ ಎಂತದೂ ಬ್ಯಾಡ’ ಅಂದೆ.” ಹಾಳೆಯಿಂದ ಕಣ್ಣೆತ್ತಲಿಲ್ಲ. “ಆವಾಗಾದ್ರೂ ಅವ್ರು ‘ನಾನಲ್ಲ’ ಅನ್ಬೌದಿತ್ತು.”

ಮುಂದೆ ಓದಿದಳು. ಮತ್ತೆ ಒಂದು ಕಡೆ ಬೆರಳಿಟ್ಟಳು.

“ಇವ್ರು ಕೇಳಿದ್ದು, ನಾನು ಬರ್ತೀನಾ ಅಂತ. ಇದು ಯಾವಾಗ?”

“ಹೋಗೋಕೆ ಹದಿನೈದು ದಿನ ಮುಂಚೆ.”

“ಹದಿನೈದು ದಿನ ನೀವು ಎಲ್ಲಿದ್ರಿ?”

“ಮನೇಲೇ ಇದ್ದೆ.”

ಅವಳು ಹಾಳೆ ಮಡಿಸಿ ಪಕ್ಕಕ್ಕಿಟ್ಟಳು. ರಸ್ತೆಯ ಕಡೆ ತಿರುಗಿದಳು.

“ನಂಗೆ ಪರೀಕ್ಷೆ ತಪ್ಪಿಸಿದ್ದು ಬಿಡಿ ಟೀಚರ್. ನೀವಾಗ ಸಣ್ಣೋರು, ಗೊತ್ತಿಲ್ದೆ ಮಾಡಿದ್ರಿ. ಆ ಫಾರಂ ನಾನು ಸುಟ್ಟದ್ದು ನಿಮ್ಮಿಂದ. ಇಷ್ಟು ವರ್ಷ ಅವ್ರನ್ನ ಬೈದದ್ದು ನಿಮ್ಮಿಂದ. ಈಗ ಬಂದು ನೀವು ಹಗೂರ ಆದ್ರಿ, ನಾನೆಂತ ಮಾಡ್ಲಿ?”

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು.

“ಅದನ್ನ ಕೇಳ್ಬ್ಯಾಡಿ. ಇಲ್ಲ ಅಂದ್ರೆ ನಂಗೆ ಸಂಕಟ, ಹೂಂ ಅಂದ್ರೆ ಸುಳ್ಳು. ಇದನ್ನ ಅಚ್ಚು ಹಾಕ್ಸಿ. ಅವತ್ತು ನಕ್ಕೋರು ಎಲ್ಲ ಓದ್ಲಿ. ನನ್ನ ಹೆಸ್ರು ತೆಗೀಬ್ಯಾಡಿ.”

ಆದ್ದರಿಂದ ಹೆಸರು ಹಾಗೇ ಇದೆ. ಪೆನ್ನು ಕೆಳಗಿಟ್ಟೆ, ನಾನೇ ಮಾಡಿದ್ದು ಎಂದು ಬರೆಯುತ್ತೇನೆ ಎಂದೆ ಎಂಬ ಆ ದೃಶ್ಯವನ್ನೂ ತೆಗೆದಿಲ್ಲ. ಮನುಷ್ಯ ತನಗಾಗಿ ಎಂಥ ನೆನಪು ಕಟ್ಟಿಕೊಳ್ಳುತ್ತಾನೆ ಎಂದು ಹೊಸಬರಿಗೆ ಗೊತ್ತಿರಲಿ. ಆದರೆ ನಾನು ಅಂದು ಏನೂ ಹೇಳಲಿಲ್ಲ ಎಂದೇ ಓದಿಕೊಳ್ಳಿ.

ಹೊರಡಲು ಎದ್ದಾಗ ಅವಳೂ ಎದ್ದಳು. ಸಾಗರದಲ್ಲಿ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದಳು. ಬಸ್‌ಸ್ಟ್ಯಾಂಡಿನಿಂದ ಹೇಗೆ ಹೋಗಬೇಕೆಂದು ಹೇಳಿದೆ. ಶಾರದಮ್ಮ ಈಗ ಮಗಳ ಜೊತೆ ಇದ್ದಾರೆ, ಭಾನುವಾರ ಇಬ್ಬರೂ ಮನೆಯಲ್ಲಿರುತ್ತಾರೆ ಎಂದೆ.

“ಭಾನುವಾರ ಹೋಗ್ತೀನಿ” ಎಂದಳು.

“ನಾನೂ ಬರ್ತೀನಿ ಬಂಗಾರಿ. ತೀರ್ಥಹಳ್ಳಿಯಿಂದ ಬೆಳಿಗ್ಗೆ ಹೊರಟ್ರೆ...”

“ನೀವು ಬರೋದು ಬ್ಯಾಡ ಟೀಚರ್” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. “ನಿಮ್ಮೆದ್ರಿಗೆ ನಂಗೆ ಅಳೋಕೆ ಆಗಲ್ಲ.”